ನರಮಾಟಾನಾ, ಕೂಟ್ನಿ ಪೂರ್ವ ದಂಡೆನಾ, ಡನ್‌ಸ್ಟರಾ? ಬ್ರಿಟಿಷ್ ಕೊಲಂಬಿಯಾದಲ್ಲಿ ಹಳ್ಳಿ ಹುಡುಕುವವರಿಗೆ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ, ವ್ಯಾಂಕೂವರ್ ಪಕ್ಕದ ಸರ್ರೆ, ಬರ್ನಬಿ ಕಡೆಯ ಕನ್ನಡದ ಮನೆಗಳಲ್ಲಿ ಊಟ ಮುಗಿದು ಎಲ್ಲರೂ ಸೋಫಾಕ್ಕೆ ಒರಗಿದ ಮೇಲೆ ಈ ಮಾತು ಬಂದೇ ಬರುತ್ತದೆ. "ಮನೆ ಸಾಲ ಕಟ್ಟಿ ಕಟ್ಟಿ ಸಾಕಾಯ್ತು. ಎಲ್ಲಾದರೂ ಹಳ್ಳಿ ಕಡೆ ಎರಡು ಎಕರೆ ತಗೊಂಡು ಇದ್ದುಬಿಡೋಣ ಅಲ್ವಾ?" ನಾನೂ ಹಾಗೆ ಹೇಳಿಕೊಂಡೇ ಹೊರಟವನು. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಹಳ್ಳಿ ಹೊಸದಲ್ಲ ಎಂಬ ಧೈರ್ಯ ಬೇರೆ ಇತ್ತು. ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ನಾನೂ ನನ್ನ ಹೆಂಡತಿಯೂ ಕಾರು ಹತ್ತಿ ಊರು ನೋಡಿದೆವು. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಮೂರು: ಓಕನಾಗನ್ ಸರೋವರದ ದಡದ ನರಮಾಟಾ, ಕೂಟ್ನಿ ಸರೋವರದ ಪೂರ್ವ ದಂಡೆ, ಉತ್ತರದ ರಾಬ್ಸನ್ ಕಣಿವೆಯ ಡನ್‌ಸ್ಟರ್. ಮೂರರಲ್ಲಿ ಯಾವುದಕ್ಕೂ ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ. ಹಾಗಿದ್ದರೂ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ಊರಿದೆ, ಪಂಚಾಯಿತಿ ಇಲ್ಲ

ನಮ್ಮಲ್ಲಿ ಎಷ್ಟೇ ಸಣ್ಣ ಹಳ್ಳಿಯಾದರೂ ಯಾವುದೋ ಒಂದು ಗ್ರಾಮ ಪಂಚಾಯಿತಿಗೆ ಸೇರಿರುತ್ತದೆ. ಬೀದಿದೀಪ ಕೆಟ್ಟರೆ ಮೆಂಬರ್ ಮನೆಗೆ ಹೋಗಬಹುದು. ನಲ್ಲಿಯಲ್ಲಿ ನೀರು ಬರದಿದ್ದರೆ ಪಿಡಿಒ ಹತ್ತಿರ ಜಗಳ ಆಡಬಹುದು. ಇಲ್ಲಿ ಹಾಗಲ್ಲ. ಸಿಟಿ, ಟೌನ್, ವಿಲೇಜ್ ಮೊದಲಾದ ಮುನಿಸಿಪಾಲಿಟಿಗಳಾಗಿ ನೋಂದಣಿಯಾದ ಊರುಗಳಿಗೆ ಮಾತ್ರ ಸ್ವಂತ ಕೌನ್ಸಿಲ್ ಇರುತ್ತದೆ. ಉಳಿದ ಹಳ್ಳಿಗಳೆಲ್ಲ ರೀಜನಲ್ ಡಿಸ್ಟ್ರಿಕ್ಟ್ ಕೆಳಗೆ ಬರುತ್ತವೆ. 1965ರಲ್ಲಿ ಶುರುವಾದ ವ್ಯವಸ್ಥೆ ಇದು. ಈಗ ಪ್ರಾಂತ್ಯದಲ್ಲಿ ಇಂಥ 27 ಡಿಸ್ಟ್ರಿಕ್ಟ್‌ಗಳಿವೆ. ಅವುಗಳ ಹಳ್ಳಿ ಭಾಗವನ್ನು ಎ, ಬಿ, ಸಿ ಎಂದು ಎಲೆಕ್ಟೋರಲ್ ಏರಿಯಾಗಳಾಗಿ ಒಡೆದಿರುತ್ತಾರೆ. ಒಂದೊಂದಕ್ಕೆ ಒಬ್ಬರೇ ಡೈರೆಕ್ಟರ್, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಹತ್ತಾರು ಊರಿಗೆ ಆ ಒಬ್ಬರೇ ಗತಿ.

ಕೆಲಸ ಹಂಚಿಹೋಗಿರುವ ರೀತಿ ತಿಳಿದುಕೊಳ್ಳದಿದ್ದರೆ ಮುಂದೆ ತಲೆ ಕೆಡುತ್ತದೆ. ರಸ್ತೆ ಪ್ರಾಂತ್ಯ ಸರ್ಕಾರದ್ದು. ಹಿಮ ತೆಗೆಯುವವರು ಸರ್ಕಾರ ನೇಮಿಸಿದ ಕಂತ್ರಾಟುದಾರರು. ಅವರು ಹೆದ್ದಾರಿ ಮುಗಿಸಿ ಒಳರಸ್ತೆಗೆ ಬರುವ ಹೊತ್ತಿಗೆ ಮಧ್ಯಾಹ್ನವಾದರೂ ಆಯಿತು. ಪೊಲೀಸ್ ಎಂದರೆ ಆರ್‌ಸಿಎಂಪಿ, ಅಂದರೆ ಕೆನಡಾದ ಕೇಂದ್ರ ಪೊಲೀಸ್ ಪಡೆ. ಆಸ್ತಿ ತೆರಿಗೆ ಕಟ್ಟುವುದೂ ಪ್ರಾಂತ್ಯಕ್ಕೇ. ನೀರು, ಅಗ್ನಿಶಾಮಕ ದಳ, ಕಸ, ಲೈಬ್ರರಿ ಇತ್ಯಾದಿ ರೀಜನಲ್ ಡಿಸ್ಟ್ರಿಕ್ಟ್‌ನದ್ದು. ಆದರೆ ಒಂದು ಷರತ್ತಿದೆ. ಇಂಥ ಸೇವೆ ಶುರುವಾಗಬೇಕಾದರೆ ಸಾಮಾನ್ಯವಾಗಿ ಅಲ್ಲಿಯ ಮತದಾರರು ಒಪ್ಪಬೇಕು. ಮತದಾನ ಇಡುತ್ತಾರೆ, ಇಲ್ಲವೇ ಆಕ್ಷೇಪಣೆ ಕೇಳುತ್ತಾರೆ. ನೂರಕ್ಕೆ ಹತ್ತು ಮತದಾರರು ಬೇಡ ಎಂದು ಬರೆದುಕೊಟ್ಟರೆ ಆಗ ಮತದಾನ ಮಾಡಲೇಬೇಕು. ಒಪ್ಪಿದವರ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆಯುತ್ತಾರೆ. ಗೆರೆ ಒಳಗಿನವರಿಗೆ ಸೇವೆಯೂ ಉಂಟು, ಬಿಲ್ಲೂ ಉಂಟು. ಹೊರಗಿನವರಿಗೆ ಎರಡೂ ಇಲ್ಲ.

ಅದಕ್ಕೇ ಇಲ್ಲಿ "ಈ ಊರಲ್ಲಿ ಏನೇನಿದೆ?" ಎಂದು ಕೇಳಿದರೆ ಸಾಲದು. "ಈ ಮನೆಗೆ ಏನೇನಿದೆ?" ಎಂದು ಕೇಳಬೇಕು.

ಈ ವ್ಯವಸ್ಥೆ ಬೇಡ, ನಮ್ಮದೇ ಕೌನ್ಸಿಲ್ ಬೇಕು ಎಂದು ಊರವರು ಕೇಳಬಹುದು. 2017ರಲ್ಲಿ ಸಾಲ್ಟ್ ಸ್ಪ್ರಿಂಗ್ ದ್ವೀಪದವರು ಮತ ಹಾಕಿ ಬೇಡ ಎಂದರು. 2025ರ ಮಾರ್ಚ್‌ನಲ್ಲಿ ನರಮಾಟಾದಿಂದ ದೂರವೇನಿಲ್ಲದ ಓಕನಾಗನ್ ಫಾಲ್ಸ್‌ನವರು ಸ್ವಲ್ಪ ಅಂತರದಲ್ಲಿ ಬೇಕು ಎಂದರು. ಎರಡೂ ಕಡೆ ವಾದ ಮಾಡಿದವರಿಗೆ ಅವರದೇ ನ್ಯಾಯವಿತ್ತು. ಸ್ವಂತ ಕೌನ್ಸಿಲ್ ಬಂದರೆ ನಿರ್ಧಾರ ಕೈಗೆ ಸಿಗುತ್ತದೆ, ಜೊತೆಗೆ ಒಳರಸ್ತೆಗಳ ಖರ್ಚೂ ತಲೆಗೆ ಬರುತ್ತದೆ.

ಮನೆಗಿಂತ ಮೊದಲು ನೀರು

ನಾವು ಮೊದಲು ಮನಸೋತದ್ದು ಕ್ರಾಫರ್ಡ್ ಬೇ ಹತ್ತಿರದ ಒಂದು ಮರದ ಮನೆಗೆ. ಫೆಬ್ರುವರಿ ತಿಂಗಳು. ಜಗುಲಿಯಲ್ಲಿ ನಿಂತರೆ ಎದುರಿಗೆ ಬೆಳ್ಳಗಿನ ಬೆಟ್ಟ, ಅಂಗಳದಲ್ಲಿ ನಾಲ್ಕು ಸೇಬಿನ ಮರ. ನನ್ನ ಹೆಂಡತಿ ಅಡುಗೆ ಮನೆಗೆ ಹೋಗಿ ಸುಮ್ನೆ ನಲ್ಲಿ ತಿರುಗಿಸಿದಳು. ನೀರು ಬಂತು, ನಿಂತಿತು, ಕೆಮ್ಮಿದ ಹಾಗೆ ಸದ್ದು ಮಾಡಿ ಮತ್ತೆ ಬಂತು. ಮನೆಯವರು ನಮ್ಮನ್ನು ಹಿಂದೆ ಕರೆದುಕೊಂಡು ಹೋದರು. ಸಣ್ಣ ಶೆಡ್ಡಿನಲ್ಲಿ ಪಂಪು, ಅದರ ಮೇಲೆ ಕೋಳಿಮರಿಗೆ ಕಾವು ಕೊಡುವಂಥ ಕೆಂಪು ಬಲ್ಬು. ಪೈಪು ಹೆಪ್ಪುಗಟ್ಟದಿರಲಿ ಎಂದು ಚಳಿಗಾಲವೆಲ್ಲ ಅದು ಉರಿಯುತ್ತಲೇ ಇರಬೇಕು. ಕರೆಂಟು ಹೋದರೆ ಪಂಪೂ ಇಲ್ಲ, ಬಲ್ಬೂ ಇಲ್ಲ. ನೀರಿನ ಮೂಲ ಮೇಲಿನ ತೊರೆ. ಆ ತೊರೆಗೆ ಇನ್ನೂ ಮೂರು ಮನೆಯವರು ಪೈಪು ಹಾಕಿದ್ದರು. ಆವತ್ತು ಸಂಜೆ ಕಾರಿನಲ್ಲಿ ನಾವಿಬ್ಬರೂ ಜಾಸ್ತಿ ಮಾತಾಡಲಿಲ್ಲ.

ತೊರೆ ನೀರಿಗೆ ಇಲ್ಲಿ ಸಾಮಾನ್ಯವಾಗಿ ಪ್ರಾಂತ್ಯದ ವಾಟರ್ ಲೈಸೆನ್ಸ್ ಬೇಕು. ಮೊದಲು ಲೈಸೆನ್ಸ್ ಪಡೆದವರಿಗೆ ಮೊದಲ ಹಕ್ಕು. ಬೇಸಿಗೆಯಲ್ಲಿ ತೊರೆ ಬತ್ತಿದರೆ ಹಳೆಯ ಲೈಸೆನ್ಸಿನವರಿಗೆ ನೀರು, ಹೊಸಬರಿಗೆ ಆಕಾಶ. ಹಾಗಾಗಿ ಲೈಸೆನ್ಸ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ, ಅದು ಯಾವ ವರ್ಷದ್ದು ಎಂದು ಕೇಳಿ. ಬೋರ್‌ವೆಲ್ ಆದರೆ ಮನೆ ಬಳಕೆಗೆ ಲೈಸೆನ್ಸ್ ಬೇಡ. ತೋಟಕ್ಕೆ, ವ್ಯಾಪಾರಕ್ಕೆ ಬಳಸುವುದಾದರೆ ಬೇಕು. ಕೊರೆದಾಗಿನ ದಾಖಲೆ ಕೇಳಿ, ಆಗಸ್ಟ್ ಕೊನೆಯಲ್ಲಿ ಎಷ್ಟು ನೀರು ಬರುತ್ತದೆ ನೋಡಿ, ಬ್ಯಾಕ್ಟೀರಿಯಾ ಮತ್ತು ಆರ್ಸೆನಿಕ್ ಎರಡಕ್ಕೂ ಪರೀಕ್ಷೆ ಮಾಡಿಸಿ. ಮೇ ತಿಂಗಳಲ್ಲಿ ಹಿಮ ಕರಗುವಾಗ ಎಲ್ಲ ಬಾವಿಯೂ ತುಂಬಿರುತ್ತದೆ. ಆಗ ನೋಡಿ ಏನೂ ತಿಳಿಯುವುದಿಲ್ಲ.

ನೀರಿನ ವಿಷಯದಲ್ಲಿ ನರಮಾಟಾ ಮುಂದಿದೆ. ಅಲ್ಲಿ ರೀಜನಲ್ ಡಿಸ್ಟ್ರಿಕ್ಟೇ ಓಕನಾಗನ್ ಸರೋವರದಿಂದ ನೀರೆತ್ತಿ, ಯುವಿ (ಅತಿನೇರಳೆ) ಬೆಳಕು ಮತ್ತು ಕ್ಲೋರಿನ್‌ನಿಂದ ಶುದ್ಧಮಾಡಿ ಕೊಡುತ್ತದೆ. ಕೂಟ್ನಿ ಪೂರ್ವ ದಂಡೆಯಲ್ಲಿ ರಿಯಾಂಡೆಲ್‌ಗೆ ಡಿಸ್ಟ್ರಿಕ್ಟ್ ನಡೆಸುವ ನೀರಿನ ವ್ಯವಸ್ಥೆ ಇದೆ. ಅಲ್ಲಿಂದ ಕಾರಿನಲ್ಲಿ ಸ್ವಲ್ಪವೇ ದೂರದ ಕ್ರಾಫರ್ಡ್ ಬೇಗೆ ಹೋದರೆ ಬಾವಿ, ತೊರೆ, ಅವರವರ ಪಾಡು. ಡನ್‌ಸ್ಟರ್‌ನ ಫಾರಂಗಳಲ್ಲೂ ನೀರು ನಿಮ್ಮದೇ ಜವಾಬ್ದಾರಿ.

ಸೆಪ್ಟಿಕ್ ಬಗ್ಗೆ ಎರಡೇ ಮಾತು. 2005ರ ನಂತರ ಮಾಡಿಸಿದ್ದಾದರೆ ಅದರ ಕಾಗದ ಆರೋಗ್ಯ ಪ್ರಾಧಿಕಾರದಲ್ಲಿ ಸಲ್ಲಿಕೆಯಾಗಿರಬೇಕು, ಪ್ರತಿ ಕೇಳಿ. ಅದಕ್ಕಿಂತ ಹಳೆಯದಾದರೆ ತೆರೆಸಿ ನೋಡಿ.

ಬೆಂಕಿಯ ಗೆರೆ

ಎರಡನೆಯದು ಬೆಂಕಿ. 2023ರ ಆಗಸ್ಟ್‌ನಲ್ಲಿ ಶುಸ್ವಾಪ್ ಸರೋವರದ ಉತ್ತರ ದಂಡೆಯ ಸ್ಕಾಚ್ ಕ್ರೀಕ್, ಸೆಲಿಸ್ಟಾ ಕಡೆಗೆ ಕಾಡ್ಗಿಚ್ಚು ನುಗ್ಗಿದ್ದು ಇಲ್ಲಿ ಯಾರೂ ಮರೆತಿಲ್ಲ. ಅವೂ ಇಂಥವೇ ಕೌನ್ಸಿಲ್ ಇಲ್ಲದ ಹಳ್ಳಿಗಳು. ತುಂಬಾ ಮನೆಗಳು ಹೋದವು. 2024ರ ಜುಲೈನಲ್ಲಿ ಕೂಟ್ನಿ ಸರೋವರದ ಉತ್ತರ ತುದಿಯ ಆರ್ಜೆಂಟಾ, ಜಾನ್ಸನ್ಸ್ ಲ್ಯಾಂಡಿಂಗ್‌ನವರು ಮನೆ ಬಿಟ್ಟು ಹೊರಡಬೇಕಾಯಿತು. ಅದೇ ಜಾನ್ಸನ್ಸ್ ಲ್ಯಾಂಡಿಂಗ್‌ನಲ್ಲಿ 2012ರ ಜುಲೈ 12ರಂದು ಗುಡ್ಡ ಕುಸಿದು ನಾಲ್ವರು ತೀರಿಕೊಂಡಿದ್ದರು. ಮಲೆನಾಡು, ಕೊಡಗಿನವರಿಗೆ ಗುಡ್ಡ ಕುಸಿತದ ನೋವು ಬಿಡಿಸಿ ಹೇಳಬೇಕಿಲ್ಲ. ತೊರೆ ಬೆಟ್ಟದಿಂದ ಇಳಿದು ಬೀಸಣಿಗೆಯ ಹಾಗೆ ಹರಡಿಕೊಂಡ ಜಾಗದಲ್ಲಿ ಮನೆ ಇದ್ದರೆ ರೀಜನಲ್ ಡಿಸ್ಟ್ರಿಕ್ಟ್ ಕಚೇರಿಗೆ ಹೋಗಿ ಅಪಾಯದ ನಕ್ಷೆ ತೆಗೆಸಿ ನೋಡಿ.

ಹಳ್ಳಿಯ ಅಗ್ನಿಶಾಮಕ ದಳದಲ್ಲಿ ಇರುವವರು ಊರಿನ ಬಡಗಿ, ಮೇಷ್ಟ್ರು, ತೋಟದವರು. ಪೇಜರ್ ಕೂಗಿದರೆ ಊಟದ ತಟ್ಟೆ ಬಿಟ್ಟು ಓಡುತ್ತಾರೆ. ಆ ದಳದ ಗೆರೆಯೊಳಗೆ ನಿಮ್ಮ ಮನೆ ಇದೆಯೇ ಎಂಬುದರ ಮೇಲೆ ಇನ್ಶೂರೆನ್ಸ್ ನಿಂತಿರುತ್ತದೆ. ಫೈರ್ ಹಾಲ್‌ನಿಂದ (ದಳದ ಠಾಣೆಯಿಂದ) ರಸ್ತೆಯಲ್ಲಿ ಅಳೆದರೆ 8 ಕಿಲೋಮೀಟರ್ ಒಳಗಿರಬೇಕು ಎಂಬುದು ಇನ್ಶೂರೆನ್ಸ್‌ನವರ ಸಾಮಾನ್ಯ ಲೆಕ್ಕ. ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ರಸ್ತೆ ಬದಿಯಲ್ಲಿ ಇಟ್ಟ ನೀರಿನ ನಲ್ಲಿ, 300 ಮೀಟರ್ ಒಳಗಿದ್ದರೆ ಇನ್ನೂ ಒಳ್ಳೆಯದು. ಹೈಡ್ರಂಟ್ ಇಲ್ಲದಿದ್ದರೂ ಟ್ಯಾಂಕರ್‌ನಲ್ಲಿ ಬಿಡದೆ ನೀರು ಹೊಡೆಯುವ ಸಾಮರ್ಥ್ಯಕ್ಕೆ ಮಾನ್ಯತೆ ಪಡೆದ ದಳಗಳಿವೆ, ಅದನ್ನೂ ಕೇಳಿ. ನಾವು ನೋಡಿದ ಒಂದು ರಸ್ತೆಯಲ್ಲಿ ಅಕ್ಕಪಕ್ಕದ ಎರಡು ಮನೆಯ ಅಂಚೆ ಡಬ್ಬಿಗಳು ಒಂದೇ ಕಂಬಕ್ಕಿದ್ದವು. ಒಂದು ಮನೆ ಗೆರೆ ಒಳಗೆ, ಇನ್ನೊಂದು ಹೊರಗೆ. ಹೊರಗಿನ ಮನೆಗೆ ಇನ್ಶೂರೆನ್ಸ್ ಕೊಡಲು ಎರಡು ಕಂಪನಿಯವರು ಒಪ್ಪಲೇ ಇಲ್ಲ. ಇನ್ಶೂರೆನ್ಸ್ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಬೆಲೆ ಅಗ್ಗ ಏಕೆ ಎಂದು ಆಗ ಗೊತ್ತಾಯಿತು.

ಸೌದೆ ಒಲೆ ಇದ್ದರೆ ಅದಕ್ಕೂ ತಪಾಸಣೆಯ ಪತ್ರ ಕೇಳುತ್ತಾರೆ. ಆಫರ್ ಕೊಡುವ ಮೊದಲೇ ಇನ್ಶೂರೆನ್ಸ್‌ನವರಿಗೆ ಒಂದು ಫೋನ್ ಮಾಡಿ.

ನರಮಾಟಾ

ಪೆಂಟಿಕ್ಟನ್‌ನಿಂದ ಸುಮಾರು 15 ಕಿಲೋಮೀಟರ್. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಕೆಳಗೆ ನೀಲಿ ಸರೋವರ. 1900ರ ದಶಕದಲ್ಲಿ ಜೆ. ಎಂ. ರಾಬಿನ್‌ಸನ್ ಎಂಬವರು ಹಣ್ಣಿನ ತೋಟಗಳ ಊರಾಗಿ ಕಟ್ಟಿಸಿದ್ದು. ಈಗ ವೈನ್‌ಗೆ ಹೆಸರು. ಮೇಲೆ ಹಳೆಯ ಕೆಟಲ್ ವ್ಯಾಲಿ ರೈಲು ದಾರಿ ನಡೆಯುವವರ ಹಾದಿಯಾಗಿದೆ.

ಇಲ್ಲಿಯ ದೊಡ್ಡ ಅನುಕೂಲ ಆಸ್ಪತ್ರೆ. ಪೆಂಟಿಕ್ಟನ್‌ನ ಪ್ರಾದೇಶಿಕ ಆಸ್ಪತ್ರೆಗೆ ಕಾರಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಅಪ್ಪ, ಅಮ್ಮ ಅಥವಾ ಅತ್ತೆ, ಮಾವ ಸೂಪರ್ ವೀಸಾದಲ್ಲಿ (ಹೆತ್ತವರಿಗೆ ಕೊಡುವ ದೀರ್ಘಾವಧಿ ವೀಸಾ) ಬಂದು ಇರುತ್ತಾರೆ ಎಂದಾದರೆ ಇದಕ್ಕಿಂತ ದೊಡ್ಡ ಕಾರಣ ಬೇಡ. ನೀರಿದೆ, ಅಗ್ನಿಶಾಮಕ ದಳವಿದೆ. ಅಂಗಡಿ ಬೀದಿ ಸಣ್ಣದಾದರೂ ಪೇಟೆ ಪಕ್ಕದಲ್ಲೇ.

ಕಷ್ಟ ಎರಡು. ಮೊದಲನೆಯದು ಬೆಲೆ. ದ್ರಾಕ್ಷಿ ಬೆಳೆಯುವ ನೆಲ, ಸರೋವರದ ನೋಟ, ಎರಡೂ ಸೇರಿ ಜಾಗ ಕೈಗೆಟಕುವುದಿಲ್ಲ. ಸರ್ರೆಯ ಮನೆ ಮಾರಿದ ದುಡ್ಡಿನಲ್ಲಿ ದೊಡ್ಡ ತೋಟ ಸಿಗುತ್ತದೆ ಎಂದುಕೊಂಡಿದ್ದರೆ ಆ ಲೆಕ್ಕ ಬಿಡಿ. ಎರಡನೆಯದು ದಾರಿ. ಡಾಂಬರು ರಸ್ತೆ ಊರು ದಾಟಿ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಕೆಲೋನಾ ಕಡೆಗೆ ಬೆಟ್ಟದ ಮೇಲಿನ ಕಾಡು ರಸ್ತೆ ಒಂದಿದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಂಕಿ ಬಂದರೆ ಎಲ್ಲರೂ ಒಂದೇ ದಾರಿಯಲ್ಲಿ ಹೊರಡಬೇಕು. ನನ್ನ ಹೆಂಡತಿ ಇಲ್ಲಿ ಬೇಡ ಎಂದದ್ದು ಇದೊಂದೇ ಕಾರಣಕ್ಕೆ. ನನಗೆ ಇವತ್ತಿಗೂ ಸ್ವಲ್ಪ ಬೇಸರವಿದೆ.

ಕೂಟ್ನಿ ಸರೋವರದ ಪೂರ್ವ ದಂಡೆ

ಕೂಟ್ನಿ ಬೇ, ಕ್ರಾಫರ್ಡ್ ಬೇ, ಗ್ರೇ ಕ್ರೀಕ್, ರಿಯಾಂಡೆಲ್. ಇವೆಲ್ಲ ಸೆಂಟ್ರಲ್ ಕೂಟ್ನಿ ಡಿಸ್ಟ್ರಿಕ್ಟ್‌ನ ಏರಿಯಾ ಎ. ಪಶ್ಚಿಮ ದಂಡೆಯ ಬ್ಯಾಲ್ಫರ್‌ನಿಂದ ಫೆರಿ ಹತ್ತಬೇಕು. 35 ನಿಮಿಷ, ಟಿಕೆಟ್ ಇಲ್ಲ. ಜಗತ್ತಿನಲ್ಲೇ ಅತಿ ಉದ್ದದ ಪುಕ್ಕಟೆ ಫೆರಿ ಪ್ರಯಾಣ ಇದು ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ.

ಫೆರಿ ನೋಡಿದಾಗ ನನಗೆ ನೆನಪಾದದ್ದು ನಮ್ಮೂರ ಕಡೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೆ ತುಮರಿ, ಬ್ಯಾಕೋಡು ಕಡೆಯವರ ಬದುಕು ಲಾಂಚಿನ ಗಂಟೆಗೆ ಕಟ್ಟಿಕೊಂಡಿತ್ತು. ಸಂಜೆಯ ಕೊನೆ ಲಾಂಚು ತಪ್ಪಿದರೆ ಸುತ್ತು ಹಾಕಿ ಬರಬೇಕು. ಹೆರಿಗೆ ನೋವು ಬಂದರೆ ದೇವರೇ ದಿಕ್ಕು. ಪೂರ್ವ ದಂಡೆಯಲ್ಲೂ ಫೆರಿ ರಾತ್ರಿಯಿಡೀ ಓಡುವುದಿಲ್ಲ. ಓಡದ ಹೊತ್ತಿನಲ್ಲಿ ಆಸ್ಪತ್ರೆ ಬೇಕಾದರೆ ದಕ್ಷಿಣಕ್ಕೆ ಕ್ರೆಸ್ಟನ್‌ಗೆ ಹೋಗಬೇಕು. ಸುಮಾರು 80 ಕಿಲೋಮೀಟರ್, ಸರೋವರದ ಅಂಚಿನಲ್ಲಿ ಸುತ್ತಿ ಸುತ್ತಿ ಹೋಗುವ ರಸ್ತೆ. ಹಗಲಿನಲ್ಲಾದರೆ ಫೆರಿ ದಾಟಿ ನೆಲ್ಸನ್‌ಗೆ ಹೋಗಬಹುದು. ಆಗಸ್ಟ್‌ನಲ್ಲಿ ಬ್ಯಾಲ್ಫರ್‌ನ ಕ್ಯೂ ನೋಡಬೇಕು. ಒಂದು ಸಲ ನಮ್ಮ ಮುಂದಿನ ಕಾರಿನ ಹೆಂಗಸು ಡಿಕ್ಕಿ ತೆಗೆದು ತರಕಾರಿ ಚೀಲಗಳ ಮೇಲೆ ಒದ್ದೆ ಟವಲು ಹೊದಿಸುತ್ತಿದ್ದರು. ವಾರದ ಸಾಮಾನು ತಂದಿದ್ದರು. ಎರಡು ಫೆರಿ ಆಗಲೇ ತುಂಬಿ ಹೋಗಿತ್ತು. ಸಿಟ್ಟಿಲ್ಲ, ಗಡಿಬಿಡಿಯಿಲ್ಲ. ಅಂಥ ಸಮಾಧಾನ ನಿಮಗಿದ್ದರೆ ಈ ದಂಡೆ ನಿಮ್ಮದು.

ಇಷ್ಟೆಲ್ಲ ಆದರೂ ನಾವು ಕೊನೆಗೆ ಬಂದದ್ದು ಇಲ್ಲಿಗೇ, ರಿಯಾಂಡೆಲ್‌ಗೆ. ಬ್ಲೂಬೆಲ್ ಗಣಿಯ ಊರು ಇದು. ಸೀಸ, ಸತು ತೆಗೆಯುತ್ತಿದ್ದ ಗಣಿ 1970ರ ದಶಕದ ಆರಂಭದಲ್ಲಿ ಮುಚ್ಚಿತು, ಊರು ಉಳಿಯಿತು. ಎರಡು ಎಕರೆ ಸಿಗಲಿಲ್ಲ, ಸಣ್ಣ ಸೈಟು ಸಿಕ್ಕಿತು. ಆದರೆ ನಲ್ಲಿಯಲ್ಲಿ ನೀರಿದೆ, ಫೈರ್ ಹಾಲ್ ನಡೆದು ಹೋಗುವಷ್ಟು ಹತ್ತಿರ. ಮಕ್ಕಳಿಗೆ ಕ್ರಾಫರ್ಡ್ ಬೇನಲ್ಲಿ ಪುಟ್ಟ ಮಕ್ಕಳಿಂದ ಹನ್ನೆರಡನೇ ಕ್ಲಾಸಿನವರೆಗೆ ಒಂದೇ ಶಾಲೆ ಇದೆ. ಇಷ್ಟು ಸಣ್ಣ ಊರುಗಳಿಗೆ ಅದು ದೊಡ್ಡ ಭಾಗ್ಯ. ಕೈಯಿಂದ ಪೊರಕೆ ಕಟ್ಟುವವರು, ಕಬ್ಬಿಣ ಬಡಿಯುವವರು, ನೇಯುವವರು ಇನ್ನೂ ಅಂಗಡಿ ಇಟ್ಟುಕೊಂಡಿದ್ದಾರೆ. ಕೂಟ್ನಿ ಬೇನಲ್ಲಿ ಯಶೋಧರಾ ಆಶ್ರಮವಿದೆ. ಹೃಷಿಕೇಶದ ಸ್ವಾಮಿ ಶಿವಾನಂದರ ಶಿಷ್ಯೆ, ಜರ್ಮನಿಯಲ್ಲಿ ಹುಟ್ಟಿದ ಸ್ವಾಮಿ ಶಿವಾನಂದ ರಾಧಾ ಕಟ್ಟಿದ್ದು. ಅಲ್ಲಿಯ ಮಂದಿರ 2014ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದು ನಿಂತಿದೆ. ಈ ಮೂಲೆಯಲ್ಲಿ ಸಂಜೆ ಕೀರ್ತನೆ ಕೇಳಿದಾಗ ಅಮ್ಮನಿಗೆ ಕಣ್ಣಲ್ಲಿ ನೀರು ಬಂತು.

ಡನ್‌ಸ್ಟರ್

ಫ್ರೇಸರ್-ಫೋರ್ಟ್ ಜಾರ್ಜ್ ಡಿಸ್ಟ್ರಿಕ್ಟ್‌ನ ಏರಿಯಾ ಎಚ್. ಮೆಕ್‌ಬ್ರೈಡ್ ಮತ್ತು ವೇಲ್‌ಮೌಂಟ್ ನಡುವೆ, ಫ್ರೇಸರ್ ನದಿಯ ಪಕ್ಕ. ಹುಲ್ಲುಗಾವಲು, ದನ, ಎರಡೂ ಬದಿಯಲ್ಲಿ ಬೆಟ್ಟದ ಗೋಡೆ. ನಿಜವಾದ ಜಮೀನು ಬೇಕು, ದನ ಕಟ್ಟಬೇಕು, ಹುಲ್ಲು ಬೆಳೆಯಬೇಕು ಎನ್ನುವವರಿಗೆ ಮೂರರಲ್ಲಿ ಇದೇ ಸರಿ. ಜಾಗದ ಬೆಲೆ ಓಕನಾಗನ್ ಕಡೆಗೆ ಹೋಲಿಸಿದರೆ ತುಂಬಾ ಕಡಿಮೆ. ಜ್ಯಾಸ್ಪರ್‌ನಿಂದ ಪ್ರಿನ್ಸ್ ರೂಪರ್ಟ್‌ಗೆ ವಾರಕ್ಕೆ ಮೂರು ಸಲ ಹೋಗುವ ರೈಲಿಗೆ ಇಲ್ಲಿ ಕೋರಿಕೆ ನಿಲುಗಡೆ ಇದೆ.

ಆದರೆ ಚಳಿಗಾಲ ಬೇರೆಯೇ. ಮೈನಸ್ 30ರ ದಿನಗಳು ಬರುತ್ತವೆ. ಊರಿನ ಶಾಲೆ 2010ರಲ್ಲಿ ಮುಚ್ಚಿತು. ಮೆಕ್‌ಬ್ರೈಡ್‌ನಲ್ಲಿ ಸಣ್ಣ ಆಸ್ಪತ್ರೆಯಿದೆ. ದೊಡ್ಡ ಆಸ್ಪತ್ರೆಗೆ ಅಲ್ಲಿಂದಲೂ ಮುಂದೆ 200 ಕಿಲೋಮೀಟರ್ ದಾಟಿ ಪ್ರಿನ್ಸ್ ಜಾರ್ಜ್‌ಗೆ ಹೋಗಬೇಕು. ಈ ಪ್ರಾಂತ್ಯದ ಹಳ್ಳಿ ಕಡೆ ಸಣ್ಣ ಆಸ್ಪತ್ರೆಗಳ ತುರ್ತು ವಿಭಾಗ ಸಿಬ್ಬಂದಿಯಿಲ್ಲದೆ ಆಗಾಗ ಮುಚ್ಚುವುದೂ ಉಂಟು. ಬಿಪಿ, ಶುಗರ್ ಇರುವ ಹಿರಿಯರನ್ನು ಕರೆದುಕೊಂಡು ಇಲ್ಲಿಗೆ ಬನ್ನಿ ಎಂದು ನಾನು ಹೇಳಲಾರೆ.

ಜಮೀನಿನ ಕಾನೂನು, ತೆರಿಗೆ

ಒಳ್ಳೆಯ ಕೃಷಿ ಭೂಮಿ ತುಂಬಾ ಕಡೆ ಅಗ್ರಿಕಲ್ಚರಲ್ ಲ್ಯಾಂಡ್ ರಿಸರ್ವ್ ಒಳಗಿರುತ್ತದೆ. 1973ರಿಂದ ಇರುವ ಕಾನೂನು. ಬೇಕಾದ ಹಾಗೆ ಒಡೆದು ಮಾರುವಂತಿಲ್ಲ. ಹೆತ್ತವರಿಗೆ ಅಂತ ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಬಹುದೇ ಎಂದು ನಮ್ಮವರು ಕೇಳುತ್ತಾರೆ. ಜಮೀನು 40 ಹೆಕ್ಟೇರ್ ಮೀರದಿದ್ದು, ಮೊದಲ ಮನೆ 500 ಚದರ ಮೀಟರ್ ದಾಟದಿದ್ದರೆ, 90 ಚದರ ಮೀಟರಿನ ಇನ್ನೊಂದು ಮನೆಗೆ ಅವಕಾಶವಿದೆ. ಡಿಸ್ಟ್ರಿಕ್ಟ್‌ನ ಸ್ಥಳೀಯ ನಿಯಮವೂ ಅದನ್ನು ಒಪ್ಪಬೇಕು. ಎರಡರಿಂದ ಹತ್ತು ಎಕರೆಯ ಜಮೀನಿನಲ್ಲಿ ವರ್ಷಕ್ಕೆ 2,500 ಡಾಲರ್ ಬೆಳೆ ಮಾರಿದರೆ ಫಾರಂ ಎಂದು ಗುರುತಿಸಿ ತೆರಿಗೆ ಇಳಿಸುತ್ತಾರೆ. ಎರಡು ಎಕರೆಗಿಂತ ಕಡಿಮೆಯಾದರೆ 10,000 ಡಾಲರ್ ಬೇಕು.

ವರ್ಕ್ ಪರ್ಮಿಟ್‌ನಲ್ಲಿರುವವರು ಒಂದು ವಿಷಯ ಗಮನಿಸಿ. 2023ರ ಜನವರಿ 1ರಿಂದ ವಿದೇಶಿಯರು ಮನೆ ಕೊಳ್ಳುವುದಕ್ಕೆ ಕೇಂದ್ರ ಸರ್ಕಾರ ನಿಷೇಧ ಹಾಕಿದೆ. ಅದನ್ನು 2027ರ ಜನವರಿ 1ರವರೆಗೆ ವಿಸ್ತರಿಸಲಾಗಿದೆ. ಜನಗಣತಿಯಲ್ಲಿ ನಗರ ಪ್ರದೇಶ ಎಂದು ಗುರುತಿಸಿದ ಜಾಗಗಳ ಹೊರಗೆ ಅದು ಅನ್ವಯಿಸುವುದಿಲ್ಲ. ಆದರೆ ಪೇಟೆ ಪಕ್ಕದ ಹಳ್ಳಿ ನಕ್ಷೆಯಲ್ಲಿ ನಗರಕ್ಕೆ ಸೇರಿರಬಹುದು. ನರಮಾಟಾದಂಥ ಕಡೆ ಲಾಯರ್‌ನ ಕೇಳದೆ ಮುಂಗಡ ಕೊಡಬೇಡಿ.

ಹಾಗಾದರೆ ಯಾರಿಗೆ ಯಾವುದು?

ವಯಸ್ಸಾದವರು ಮನೆಯಲ್ಲಿದ್ದರೆ, ದುಡ್ಡು ಹೊಂದಿಸಲು ಆಗುವುದಾದರೆ ನರಮಾಟಾ. ಮಕ್ಕಳು ಚಿಕ್ಕವರು, ಕೆಲಸ ಮನೆಯಿಂದ, ಫೆರಿ ಗಂಟೆಗೆ ಹೊಂದಿಕೊಳ್ಳಬಲ್ಲೆವು ಎಂದರೆ ಪೂರ್ವ ದಂಡೆ, ಅದರಲ್ಲೂ ಮೊದಲು ರಿಯಾಂಡೆಲ್ ನೋಡಿ. ಮೈಯಲ್ಲಿ ಕಸುವಿದೆ, ಟ್ರ್ಯಾಕ್ಟರ್ ರಿಪೇರಿ ಕಲಿಯುವ ಮನಸ್ಸಿದೆ, ಐದಾರು ತಿಂಗಳ ಚಳಿ ತಡೆದುಕೊಳ್ಳುತ್ತೇವೆ ಎಂದರೆ ಡನ್‌ಸ್ಟರ್.

ಯಾವುದೇ ಆಗಲಿ, ಜುಲೈನಲ್ಲಿ ನೋಡಿ ತೀರ್ಮಾನ ಮಾಡಬೇಡಿ. ನವೆಂಬರ್ ಕೊನೆಯಲ್ಲಿ ಎರಡು ವಾರ ಬಾಡಿಗೆಗೆ ಇದ್ದು ನೋಡಿ. ಕಸ ಹಾಕಲು ನೀವೇ ಕಾರಿನಲ್ಲಿ ಟ್ರಾನ್ಸ್‌ಫರ್ ಸ್ಟೇಷನ್‌ಗೆ ಹೋಗಿ. ಊರಿನ ಅರ್ಧ ಜನ ಅಲ್ಲಿ ಸಿಗುತ್ತಾರೆ. ಅವರನ್ನು ಮೂರು ಪ್ರಶ್ನೆ ಕೇಳಿ: ಆಗಸ್ಟ್‌ನಲ್ಲಿ ನಿಮ್ಮ ನೀರು ಹೇಗಿರುತ್ತದೆ? ಕಳೆದ ಚಳಿಗಾಲದಲ್ಲಿ ಒಮ್ಮೆಲೆ ಎಷ್ಟು ಹೊತ್ತು ಕರೆಂಟು ಹೋಗಿತ್ತು? ಹಣ್ಣಿನ ಮರಕ್ಕೆ ಕರಡಿ ಬರುತ್ತದಾ? ಮೂರನೆಯದಕ್ಕೆ ಎಲ್ಲ ಕಡೆ ಉತ್ತರ ಹೌದು ಎಂದೇ. ನಮ್ಮ ಹಿತ್ತಲಲ್ಲಿ ಹಣ್ಣಿನ ಮರಗಳ ಸುತ್ತ ಎರಡೆಳೆ ಕರೆಂಟಿನ ತಂತಿ ಹಾಕಿದ್ದೇವೆ. ಪ್ಲಮ್ ಹಣ್ಣಾಗುವ ಹೊತ್ತಿಗೆ ರಾತ್ರಿ ಮಲಗುವ ಮುಂಚೆ ಅದರ ಸ್ವಿಚ್ಚು ಹಾಕಿದೆಯಾ ಎಂದು ಅಮ್ಮ ಕೇಳಿಯೇ ಕೇಳುತ್ತಾರೆ.